ಹಳೆಯ ಮೋಟಾರುಗಳ ಒಲವು

ನಾನು ಚಿಕ್ಕವನಾಗಿದ್ದಾಗ, ಎಂದರೆ ೧೯೬೦ರ ಆಸುಪಾಸಿನಲ್ಲಿ, ನಮ್ಮ ಊರಿನಲ್ಲಿದ್ದುದು ಒಂದೇ ಒಂದು ಮೋಟಾರು ಕಾರು. ಅದು ವೈದ್ಯರದು. ಇಂಗ್ಲೆಂಡಿನ ಮೋರಿಸ್ ಕಂಪನಿಯವರು ಮೂವತ್ತರ ದಶಕದ ನಡುವಿನಲ್ಲಿ ಹೊರತಂದ 'ಮೋರಿಸ್ ಎಯ್ಟ್' ಎಂಬ ಪುಟ್ಟ ಗಾಡಿ ಅದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಅನಂತರ. ಆಗ ನಮಗೆಲ್ಲ ಅದು 'ಡಾಕ್ಟರ ಕಾರು', ಅಷ್ಟೆ. ಅದರ ಬ್ಯಾಟರಿ ಎಂದೋ ಪ್ರಾಣ ಬಿಟ್ಟಿತ್ತು. ಆದುದರಿಂದ ವೈದ್ಯರು ಹೊರಡುವ ಮುನ್ನ ಕಾಂಪೌಂಡರು ಕಾರಿನ ಮುಂದೆ ಮಂಡಿಯೂರಿ, ಬಾಗಿದ ಒಂದು ಕಬ್ಬಿಣದ ಹ್ಯಾಂಡಲನ್ನು ಅದರ ಮೂತಿಗೆ ತೂರಿಸಿ ತಿರುವುತ್ತಿದ್ದರು. ನಾವು ಹುಡುಗರು ಸುತ್ತ ನಿಂತು ಎಣಿಸುತ್ತಿದ್ದೆವು. ಬೇಸಗೆಯಲ್ಲಿ ಮೂರು ಸುತ್ತಿಗೆ ಎಂಜಿನ್ ಎಚ್ಚರಗೊಳ್ಳುತ್ತಿತ್ತು. ಮಾಗಿಯ ಚಳಿಯಲ್ಲಿ ಹದಿನೈದಾದರೂ ಆಗುತ್ತಿತ್ತು. ಒಂದು ದಿನ ನಾನೂ ತಿರುವುತ್ತೇನೆಂದು ಹಟ ಹಿಡಿದೆ. ಕಾಂಪೌಂಡರು ನನ್ನ ಕೈಯನ್ನು ಹಿಡಿದು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಸರಿಸಿ, "ಹೀಗೆ ಹಿಡಿ ಮರಿ. ಎಂಜಿನ್ ಮುನಿದು ಹಿಂದಕ್ಕೆ ಒದ್ದರೆ ಹ್ಯಾಂಡಲ್ ತಾನಾಗಿ ಕೈಬಿಟ್ಟು ಹೋಗಬೇಕು. ಹೆಬ್ಬೆರಳು ಸುತ್ತಿದ್ದರೆ ಮಣಿಕಟ್ಟು ಮುರಿದೀತು" ಎಂದರು. ಯಂತ್ರಕ್ಕೂ ಒಂದು ಸ್ವಭಾವವಿದೆ, ಅದನ್ನು ಅರಿತು ನಡೆಯಬೇಕು ಎಂಬುದನ್ನು ನಾನು ಕಲಿತದ್ದು ಆ ದಿನ.

ಇಂದು ಅಂತಹ ಕಾರುಗಳನ್ನು ಹುಡುಕಿ ತಂದು, ತುಕ್ಕು ಬಿಡಿಸಿ, ಓಡುವಂತೆ ಮಾಡಿ, ಮಗುವಿನಂತೆ ಕಾಪಾಡುವ ಜನರಿದ್ದಾರೆ. ಅವರನ್ನು ಕಂಡು ನಗುವವರೂ ಇದ್ದಾರೆ. ಗಂಟೆಗೆ ನಲವತ್ತು ಕಿಲೋಮೀಟರು ಓಡಲು ಏದುಸಿರು ಬಿಡುವ ಗಾಡಿಗೆ ಹೊಸ ಕಾರಿಗಿಂತ ಹೆಚ್ಚು ಹಣ ಸುರಿಯುವುದು ಹುಚ್ಚಲ್ಲವೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಈ ಹುಚ್ಚಿನಲ್ಲಿ ಎರಡು ಬಗೆಗಳಿವೆ ಎಂದೂ, ಅವುಗಳಲ್ಲಿ ಒಂದನ್ನು ಸಮಾಜವು ಕೃತಜ್ಞತೆಯಿಂದ ಕಾಣಬೇಕೆಂದೂ ನನ್ನ ಅಭಿಪ್ರಾಯ. ಅದನ್ನು ಹೇಳುವುದಕ್ಕೆ ಮೊದಲು ಈ ಗಾಡಿಗಳು ಎಂತಹ ಕಷ್ಟದಲ್ಲಿ ಹುಟ್ಟಿದವು ಎಂಬುದನ್ನು ಸ್ವಲ್ಪ ನೆನೆಯಬೇಕು.

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಹಕ್ಕುಪತ್ರ ಕೋರಿ ಅರ್ಜಿ ಹಾಕಿದ್ದು ೧೮೮೬ರ ಜನವರಿ ೨೯ರಂದು. ಗಾಡಿಯೇನೋ ಸಿದ್ಧವಾಯಿತು, ಅದನ್ನು ಕೊಳ್ಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಎರಡು ವರ್ಷ ಹೀಗೆಯೇ ಕಳೆಯಿತು. ೧೮೮೮ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ ಅವನ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ, ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್ ನಗರದಿಂದ ಸುಮಾರು ನೂರು ಕಿಲೋಮೀಟರು ದೂರದ ಫೋರ್ಟ್ಸ್‌ಹೈಮಿಗೆ, ತನ್ನ ತವರಿಗೆ, ಆ ಗಾಡಿಯಲ್ಲಿ ಹೊರಟೇಬಿಟ್ಟಳು. ಮೋಟಾರು ಗಾಡಿಯಲ್ಲಿ ಅದುವರೆಗೆ ಅಷ್ಟು ದೂರ ಯಾರೂ ಹೋಗಿರಲಿಲ್ಲ. ದಾರಿಯಲ್ಲಿ ಇಂಧನ ತೀರಿತು. ಆಗ ಪೆಟ್ರೋಲ್ ಬಂಕುಗಳೆಲ್ಲಿದ್ದವು? ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ 'ಲಿಗ್ರೋಯಿನ್' ಎಂಬ ದ್ರವವನ್ನು ಕೊಂಡು ಸುರಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಸಿಕ್ಕಿಸುವ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ವಿದ್ಯುತ್ತಿನ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಬಿಚ್ಚಿ ಸುತ್ತಿದಳು. ಇಳಿಜಾರಿನಲ್ಲಿ ಮರದ ಬ್ರೇಕುಗಳು ತೇಯ್ದುಹೋದಾಗ ದಾರಿಯ ಚಮ್ಮಾರನೊಬ್ಬನಿಂದ ಅವಕ್ಕೆ ತೊಗಲನ್ನು ಹೊಡೆಸಿದಳು. ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಿದರು. ಹಿಂದಿರುಗಿದ ಮೇಲೆ ಅವಳು ಗಂಡನಿಗೆ ಹೇಳಿದ್ದು, ಗುಡ್ಡ ಏರಲು ಇನ್ನೊಂದು ಗೇರು ಬೇಕು ಎಂದು. ಮೋಟಾರಿನ ಚರಿತ್ರೆಯಲ್ಲಿ ಬೆಂಜನ ಹೆಸರನ್ನು ಎಲ್ಲರೂ ಬಲ್ಲರು. ಆದರೆ ಆ ಯಂತ್ರ ಬದುಕಿನ ರಸ್ತೆಗೆ ಇಳಿದದ್ದು ಒಬ್ಬ ಹೆಣ್ಣುಮಗಳು, ಒಬ್ಬ ಔಷಧ ವ್ಯಾಪಾರಿ ಮತ್ತು ಒಬ್ಬ ಚಮ್ಮಾರನ ಕೈಗಳಿಂದ ಎಂಬುದನ್ನು ನಾವು ಮರೆಯುತ್ತೇವೆ.

ಇಂಗ್ಲೆಂಡಿನಲ್ಲಿ ಕಷ್ಟ ಬೇರೆಯ ಬಗೆಯದು. ಅಲ್ಲಿ ಉಗಿಯಂತ್ರದ ದೊಡ್ಡ ಗಾಡಿಗಳು ರಸ್ತೆಗೆ ಬಂದು ಕುದುರೆಗಳನ್ನು ಬೆದರಿಸುತ್ತವೆಂದು ೧೮೬೫ರಲ್ಲಿ ಒಂದು ಕಾಯಿದೆ ಮಾಡಿದ್ದರು. ಅದರಂತೆ ಯಂತ್ರದ ಗಾಡಿಯು ಊರಿನೊಳಗೆ ಗಂಟೆಗೆ ಎರಡು ಮೈಲಿ, ಹೊರಗೆ ನಾಲ್ಕು ಮೈಲಿಗಿಂತ ಹೆಚ್ಚು ವೇಗದಲ್ಲಿ ಹೋಗುವಂತಿರಲಿಲ್ಲ. ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ೬೦ ಗಜ ಮುಂದೆ ನಡೆಯಬೇಕಾಗಿತ್ತು. ಬಾವುಟದ ನಿಯಮವು ೧೮೭೮ರಲ್ಲಿ ಸಡಿಲಗೊಂಡರೂ, ಮುಂದೆ ಒಬ್ಬ ನಡೆಯಲೇಬೇಕೆಂಬ ಕಟ್ಟಳೆ ೧೮೯೬ರ ವರೆಗೂ ಉಳಿಯಿತು. ಆ ವರ್ಷ ಕಾಯಿದೆ ಬದಲಾಗಿ, ೧೪ ಮೈಲಿಯ ವೇಗಕ್ಕೆ ಅನುಮತಿ ದೊರೆತಾಗ, ಮೋಟಾರಿನ ಗೆಳೆಯರು ನವೆಂಬರ್ ೧೪ರಂದು ಲಂಡನ್ನಿನಿಂದ ಸಮುದ್ರತೀರದ ಬ್ರೈಟನ್ ನಗರಕ್ಕೆ ಮೆರವಣಿಗೆ ಹೊರಟರು. ಹೊರಡುವ ಮುನ್ನ ಉಪಾಹಾರದ ಕೂಟದಲ್ಲಿ ಒಂದು ಕೆಂಪು ಬಾವುಟವನ್ನು ಹರಿದು ಹಾಕಿದರಂತೆ.

ಆ ಮೆರವಣಿಗೆಯ ನೆನಪಿಗಾಗಿ ೧೯೨೭ರಲ್ಲಿ ಮತ್ತೆ ಒಂದು ಓಟ ನಡೆಯಿತು. ಯುದ್ಧದ ವರ್ಷಗಳು ಮತ್ತು ಇಂತಹ ಕೆಲವು ಅಡಚಣೆಗಳನ್ನು ಬಿಟ್ಟರೆ ಅದು ಇಂದಿಗೂ ಪ್ರತಿ ನವೆಂಬರಿನಲ್ಲಿ ನಡೆಯುತ್ತ ಬಂದಿದೆ. ೧೯೦೫ಕ್ಕೆ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ಸೂರ್ಯೋದಯದ ಹೊತ್ತಿಗೆ, ಮಂಜು ಕವಿದ ಹೈಡ್ ಪಾರ್ಕಿನಿಂದ ನೂರಾರು ಮುದಿ ಗಾಡಿಗಳು ಕೆಮ್ಮುತ್ತ, ಹೊಗೆಯುಗುಳುತ್ತ ಹೊರಡುತ್ತವೆ. ಇದು ಪಂದ್ಯವಲ್ಲ. ಮೊದಲು ತಲುಪಿದವನಿಗೆ ಬಹುಮಾನವಿಲ್ಲ. ಸುಮಾರು ೯೬ ಕಿಲೋಮೀಟರಿನ ಆ ದಾರಿಯನ್ನು ಸಂಜೆಯೊಳಗೆ ಮುಗಿಸಿದವರಿಗೆಲ್ಲ ಒಂದೊಂದು ಪದಕ. ಬಹುಪಾಲು ಗಾಡಿಗಳಿಗೆ ಮಾಡಿಲ್ಲ, ಗಾಜಿಲ್ಲ. ಮಳೆ ಬಂದರೆ ನೆನೆಯಬೇಕು. ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಹಿಂದಿನಿಂದ ಬಂದವನು ತನ್ನ ಗಾಡಿ ನಿಲ್ಲಿಸಿ ಇಳಿದು ಬರುತ್ತಾನೆ. ಗೆಲ್ಲುವುದಕ್ಕೇನೂ ಇಲ್ಲದಿದ್ದಾಗ ಮನುಷ್ಯ ಎಷ್ಟು ಉದಾರಿಯಾಗುತ್ತಾನೆ!

ಇಲ್ಲಿ ಒಂದು ಮಾತಿನ ಅರ್ಥವನ್ನು ಬಿಡಿಸಬೇಕು. ಹಳೆಯ ಕಾರುಗಳಿಗೆಲ್ಲ ನಾವು 'ವಿಂಟೇಜ್' ಎಂದುಬಿಡುತ್ತೇವೆ. ಮೂಲದಲ್ಲಿ ಈ ಶಬ್ದ ದ್ರಾಕ್ಷಾರಸದ ವ್ಯಾಪಾರದ್ದು. ಯಾವ ವರ್ಷದ ದ್ರಾಕ್ಷಿಯ ಸುಗ್ಗಿ ಎಂಬುದನ್ನು ಸೂಚಿಸುತ್ತದೆ. ೧೯೩೪ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಕಾರು ಸಂಘದವರು ೧೯೩೦ರ ಕೊನೆಯೊಳಗೆ ತಯಾರಾದ ಕಾರುಗಳಿಗೇ ಆ ಗೌರವವನ್ನು ಮೀಸಲಿಟ್ಟರು. ಅವರ ಲೆಕ್ಕದಲ್ಲಿ ನಮ್ಮ ಡಾಕ್ಟರ ಕಾರು ಅಷ್ಟೇನೂ ಹಿರಿಯನಲ್ಲ. ನಮ್ಮ ದೇಶದ ಲೆಕ್ಕ ಇನ್ನೂ ಉದಾರವಾಗಿದೆ; ಅದನ್ನು ಮುಂದೆ ಹೇಳುತ್ತೇನೆ.

ಹಳೆಯ ಕಾರು ಹೊಸದಕ್ಕಿಂತ ಉತ್ತಮವೆಂದು ನಾನು ಹೇಳುತ್ತಿಲ್ಲ. ಅದು ಉತ್ತಮವಲ್ಲ. ಅದರ ಬ್ರೇಕು ದುರ್ಬಲ, ಹೊಗೆ ಹೆಚ್ಚು, ಅಪಘಾತವಾದರೆ ಒಳಗಿದ್ದವರಿಗೆ ರಕ್ಷಣೆ ಕಡಮೆ. ಆದರೆ ಅದು ತನ್ನನ್ನು ನಡೆಸುವವನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಅಮೆರಿಕದ ಹೆನ್ರಿ ಫೋರ್ಡನ 'ಮಾಡೆಲ್ ಟಿ' ಕಾರನ್ನೇ ನೋಡಿ. ೧೯೦೮ರಿಂದ ೧೯೨೭ರ ವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾಗಿ, ಸಾಮಾನ್ಯ ರೈತನ ಮನೆಗೂ ಮೋಟಾರನ್ನು ತಲುಪಿಸಿದ ಗಾಡಿ ಅದು. ಮೊದಲು ೮೫೦ ಡಾಲರಿದ್ದ ಅದರ ಬೆಲೆ ೧೯೨೫ರ ವೇಳೆಗೆ ೨೬೦ಕ್ಕೆ ಇಳಿದಿತ್ತು. ಇಂದು ಕಾರು ನಡೆಸಬಲ್ಲ ಯಾರನ್ನಾದರೂ ಅದರಲ್ಲಿ ಕೂರಿಸಿದರೆ ಅವರು ಕಕ್ಕಾಬಿಕ್ಕಿಯಾಗುತ್ತಾರೆ. ಕಾಲ ಬಳಿ ಮೂರು ಪೆಡಲುಗಳಿವೆ, ನಿಜ. ಆದರೆ ಎಡಗಡೆಯದು ಗೇರು ಬದಲಿಸಲು, ನಡುವಿನದು ಹಿಂದಕ್ಕೆ ಚಲಿಸಲು, ಬಲಗಡೆಯದು ಬ್ರೇಕು. ವೇಗ ಹೆಚ್ಚಿಸುವ ಸಾಧನ ಕಾಲಿನ ಬಳಿ ಇಲ್ಲವೇ ಇಲ್ಲ. ಅದು ಸ್ಟಿಯರಿಂಗ್ ಚಕ್ರದ ಕೆಳಗಿನ ಒಂದು ಕಡ್ಡಿ. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪೂ ಇಲ್ಲ. ನೀರು ಹರಿದಂತೆ ಅದು ಮೇಲಿನ ತೊಟ್ಟಿಯಿಂದ ಕೆಳಕ್ಕೆ ಹರಿದು ಬರಬೇಕು. ಹೀಗಾಗಿ ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಪೆಟ್ರೋಲು ಎಂಜಿನ್ನನ್ನು ಮುಟ್ಟುತ್ತಿರಲಿಲ್ಲ. ಅಂದಿನ ಜನ ಏನು ಮಾಡಿದರು ಗೊತ್ತೆ? ಕಾರನ್ನು ತಿರುಗಿಸಿ, ಹಿಮ್ಮುಖವಾಗಿ ಗುಡ್ಡ ಹತ್ತಿಸಿದರು! ಇಂತಹ ಗಾಡಿಯನ್ನು ನಡೆಸುವವನು ಅದರ ಉಸಿರಾಟಕ್ಕೆ ಕಿವಿಗೊಡಲೇಬೇಕು. ಯಾವ ಸದ್ದು ಎಲ್ಲಿಂದ ಬಂತು, ಯಾವ ವಾಸನೆ ಏನನ್ನು ಹೇಳುತ್ತಿದೆ ಎಂಬುದು ಅವನಿಗೆ ತಿಳಿದಿರಬೇಕು.

ಈ ತಿಳಿವಳಿಕೆ ಪುಸ್ತಕದಲ್ಲಿ ಪೂರ್ತಿಯಾಗಿ ಸಿಕ್ಕುವಂಥದಲ್ಲ. ಅದು ಕೈಗಳಲ್ಲಿದೆ. ಒಂದು ಉದಾಹರಣೆ ಕೊಡುತ್ತೇನೆ. ಇಂದಿನ ಎಂಜಿನ್ನಿನಲ್ಲಿ ತಿರುಗುವ ದಂಡವನ್ನು ಹೊರುವ ಬೇರಿಂಗುಗಳು ಸವೆದರೆ ಅಂಗಡಿಯಿಂದ ಹೊಸದನ್ನು ತಂದು ಕೂರಿಸುತ್ತಾರೆ. ಹಳೆಯ ಎಂಜಿನ್ನುಗಳಲ್ಲಿ ಹಾಗಿರಲಿಲ್ಲ. ತವರಕ್ಕೆ ಆಂಟಿಮೊನಿ ಮತ್ತು ತಾಮ್ರವನ್ನು ಬೆರೆಸಿದ ಬಿಳಿಯ ಲೋಹವನ್ನು ಕರಗಿಸಿ, ಎಂಜಿನ್ನಿನೊಳಗೇ ಎರಕ ಹೊಯ್ಯಬೇಕಾಗಿತ್ತು. ಎರಕ ಆರಿದ ಮೇಲೆ ದಂಡಕ್ಕೆ ನೀಲಿ ಬಣ್ಣ ಸವರಿ, ಅದನ್ನು ಕೂರಿಸಿ ತಿರುಗಿಸಿ ತೆಗೆದರೆ ಲೋಹದ ಉಬ್ಬಿದ ಭಾಗಗಳಿಗೆ ಬಣ್ಣ ಹತ್ತಿರುತ್ತದೆ. ಆ ಉಬ್ಬುಗಳನ್ನು ಮಾತ್ರ ಚೂಪಾದ ಉಳಿಯಿಂದ ಕೂದಲೆಳೆಯಷ್ಟು ಹೆರೆಯಬೇಕು. ಮತ್ತೆ ಬಣ್ಣ, ಮತ್ತೆ ಹೆರೆಯುವುದು. ಎಲ್ಲ ಕಡೆಯೂ ಬಣ್ಣ ಸಮನಾಗಿ ಹತ್ತುವ ವರೆಗೆ ಇದು ನಡೆಯುತ್ತದೆ. ಒಂದು ದಿನವೂ ಹಿಡಿಯಬಹುದು, ಮೂರು ದಿನವೂ ಹಿಡಿಯಬಹುದು. ಈ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಎಲ್ಲ ದೇಶಗಳಲ್ಲಿಯೂ ವಿರಳ. ಹಾಗೆಯೇ ಅಂದಿನ ಎಷ್ಟೋ ಕಾರುಗಳ ಮೈಕಟ್ಟಿನ ಒಳ ಎಲುಬುಗಳು ಮರದವು. ಮಾಡೆಲ್ ಟಿ ಕಾರಿನ ಚಕ್ರದ ಅರಗಳು ಕೂಡ ಬಹುಕಾಲ ಮರದವೇ ಆಗಿದ್ದವು. ನಮ್ಮ ಎತ್ತಿನ ಗಾಡಿಯ ಚಕ್ರಕ್ಕೆ ಅರ ಕೂಡಿಸುವ ಬಡಗಿ ಆ ಚಕ್ರವನ್ನು ಕಂಡರೆ ತನ್ನ ದಾಯಾದಿಯನ್ನು ಕಂಡಂತೆ ಗುರುತಿಸಿಯಾನು. ಇಂಗ್ಲೆಂಡಿನ ಮಾರ್ಗನ್ ಕಂಪನಿಯವರು ಇಂದಿಗೂ ತಮ್ಮ ಕಾರಿನ ಮೈಗೆ ಆಷ್ ಎಂಬ ಮರದ ಚೌಕಟ್ಟನ್ನು ಬಡಗಿಗಳಿಂದಲೇ ಮಾಡಿಸುತ್ತಾರೆ.

ಒಂದು ಹಳೆಯ ಕಾರನ್ನು ಮತ್ತೆ ಓಡಿಸಬೇಕೆಂದು ಒಬ್ಬ ಆಸಕ್ತ ಪಣ ತೊಟ್ಟನೆಂದರೆ, ಅವನ ಹಿಂದೆ ಒಬ್ಬ ಬಡಗಿ, ಒಬ್ಬ ಎರಕದವನು, ಒಬ್ಬ ಲೇತ್ ಕೆಲಸದವನು, ಆಸನಕ್ಕೆ ತೊಗಲು ಹೊಲಿಯುವವನು ಇವರೆಲ್ಲರಿಗೂ ಕೆಲಸ ದೊರೆಯುತ್ತದೆ. ಕೆಲಸ ದೊರೆತರೆ ವಿದ್ಯೆ ಉಳಿಯುತ್ತದೆ. ಮೇಸ್ತ್ರಿಯ ಪಕ್ಕದಲ್ಲಿ ನಿಂತು ಹುಡುಗನೊಬ್ಬ ಕಲಿಯುತ್ತಾನೆ. ಕಾರು ಸಂಗ್ರಹಾಲಯದಲ್ಲಿ ನಿಶ್ಚಲವಾಗಿ ನಿಂತರೆ ಅದರ ಆಕಾರ ಉಳಿದೀತು. ಅದು ಓಡುತ್ತಿದ್ದರೆ ಮಾತ್ರ ಅದನ್ನು ಓಡಿಸುವ, ದುರಸ್ತಿ ಮಾಡುವ ಬುದ್ಧಿಯೂ ಉಳಿಯುತ್ತದೆ. ನಾನು ಕೃತಜ್ಞತೆ ಸಲ್ಲಬೇಕೆಂದದ್ದು ಇದಕ್ಕಾಗಿ.

ಆಸಕ್ತರ ನಡುವೆಯೇ ಒಂದು ಹಳೆಯ ಜಗಳವಿದೆ. ಕೆಲವರು ಕಾರನ್ನು ಬಿಚ್ಚಿ, ಉಜ್ಜಿ, ಹೊಸ ಬಣ್ಣ ಬಳಿದು ಕಾರ್ಖಾನೆಯಿಂದ ಈಗ ತಾನೇ ಬಂದಂತೆ ಹೊಳೆಯಿಸುತ್ತಾರೆ. ಇನ್ನು ಕೆಲವರು, ಮೂಲದ ಬಣ್ಣ ಎಷ್ಟು ಮಾಸಿದ್ದರೂ ಅದೇ ಇರಲಿ, ಸೀಟಿನ ತೊಗಲು ಬಿರುಕು ಬಿಟ್ಟಿದ್ದರೂ ಇರಲಿ ಎನ್ನುತ್ತಾರೆ. ನಾನು ಎರಡನೆಯವರ ಪಕ್ಷ. ಅಜ್ಜಿಯ ಮುಖದ ಸುಕ್ಕನ್ನು ಅಳಿಸಿದರೆ ಉಳಿಯುವವಳು ನಮ್ಮ ಅಜ್ಜಿಯಲ್ಲ. ಆದರೆ ತುಕ್ಕು ತಿಂದು ತಳ ತೂತಾದ ಗಾಡಿಗೆ ಈ ಮಾತು ಅನ್ವಯಿಸದು ಎಂಬುದನ್ನೂ ಒಪ್ಪಬೇಕು.

ಇನ್ನು ಹುಚ್ಚಿನ ಮತ್ತೊಂದು ಬಗೆ. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಮುಲೂಸ್ ನಗರದಲ್ಲಿ ಶ್ಲುಂಪ್ಫ್ ಎಂಬ ಇಬ್ಬರು ಸಹೋದರರಿದ್ದರು. ಬಟ್ಟೆಯ ಗಿರಣಿಗಳ ಒಡೆಯರು. ಕಾರುಗಳೆಂದರೆ, ಅದರಲ್ಲಿಯೂ ಬುಗಾಟಿ ಕಾರುಗಳೆಂದರೆ, ಅವರಿಗೆ ಪ್ರಾಣ. ದೇಶದೇಶಗಳಿಂದ ನಾನೂರಕ್ಕೂ ಹೆಚ್ಚು ಕಾರುಗಳನ್ನು ಕೊಂಡು ತಂದು ತಮ್ಮ ಗಿರಣಿಯೊಂದರಲ್ಲಿ ಗುಟ್ಟಾಗಿ ಇಟ್ಟರು. ಜಗತ್ತಿನಲ್ಲಿ ಆರೇ ಉಳಿದಿರುವ 'ಬುಗಾಟಿ ರೊಯಾಲ್' ಎಂಬ ಭಾರಿ ಕಾರುಗಳಲ್ಲಿ ಎರಡು ಅಲ್ಲಿದ್ದವು. ಗೋಡೆಯ ಆಚೆ ದುಡಿಯುತ್ತಿದ್ದ ಸಾಮಾನ್ಯ ಕಾರ್ಮಿಕರಿಗೆ ಇದೊಂದನ್ನೂ ನೋಡುವ ಭಾಗ್ಯವಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಗಿರಣಿಗಳು ನಷ್ಟಕ್ಕೆ ಸಿಲುಕಿದವು. ಕೆಲಸಗಾರರಿಗೆ ಕೆಲಸ ಹೋಯಿತು. ಸಹೋದರರು ಸ್ವಿಟ್ಜರ್ಲೆಂಡಿಗೆ ಹೊರಟುಹೋದರು. ೧೯೭೭ರ ಮಾರ್ಚ್ ತಿಂಗಳಲ್ಲಿ ಕಾರ್ಮಿಕರು ಗಿರಣಿಯ ಬಾಗಿಲು ಮುರಿದು ಒಳನುಗ್ಗಿದಾಗ ಕಂಡದ್ದು ದೀಪಗಳ ಸಾಲಿನ ಕೆಳಗೆ ಥಳಥಳಿಸುತ್ತಿದ್ದ ಆ ಕಾರುಗಳನ್ನು. ಅವರ ಕೋಪವನ್ನು ನೀವು ಊಹಿಸಬಲ್ಲಿರಿ. ಆದರೆ ಅವರು ಅವುಗಳನ್ನು ಪುಡಿ ಮಾಡಲಿಲ್ಲ. ಸುಮಾರು ಎರಡು ವರ್ಷ ತಾವೇ ಕಾವಲಿದ್ದು, ಬಾಗಿಲನ್ನು ಜನರಿಗೆ ತೆರೆದಿಟ್ಟರು. ಫ್ರೆಂಚ್ ಸರ್ಕಾರ ಆ ಸಂಗ್ರಹವನ್ನು ಚಾರಿತ್ರಿಕ ಸ್ಮಾರಕವೆಂದು ಸಾರಿತು. ೧೯೮೨ರಲ್ಲಿ ಅದು ಸಾರ್ವಜನಿಕ ಸಂಗ್ರಹಾಲಯವಾಯಿತು. ಆ ಸಹೋದರರ ಪ್ರೀತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಕಾರುಗಳ ಮೇಲೆ ಕಣ್ಣಿಟ್ಟವರು ಮನುಷ್ಯರ ಮೇಲೆ ಇಡಲಿಲ್ಲ. ಕೆಲಸ ಕಳೆದುಕೊಂಡವರು ಮಾತ್ರ ಕಾರುಗಳ ಮೇಲೆಯೂ ದಯೆ ತೋರಿದರು.

ಮುಲೂಸಿನ ಕಥೆಯಿಂದ ನಮ್ಮ ದೇಶದ ಕಡೆಗೆ ತಿರುಗಿದರೆ, ಇಲ್ಲಿಯೂ ಹಳೆಯ ಕಾರುಗಳಲ್ಲಿ ಬಹಳಷ್ಟು ಅರಮನೆಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ಇದ್ದಂಥವೇ. ಸಂಸ್ಥಾನಗಳು ಭಾರತದಲ್ಲಿ ವಿಲೀನವಾದ ಮೇಲೆ, ೧೯೭೧ರಲ್ಲಿ ರಾಜಧನವೂ ನಿಂತ ಮೇಲೆ, ಅವುಗಳನ್ನು ಸಾಕುವುದು ಅರಸರ ಮನೆಗಳಿಗೂ ಭಾರವಾಯಿತು. ಎಷ್ಟೋ ಕಾರುಗಳು ಕಡಲಾಚೆಯ ಸಂಗ್ರಹಕಾರರ ಪಾಲಾದವು. ಎಷ್ಟೋ ಲಾಯಗಳ ಮೂಲೆಯಲ್ಲಿ ಮಣ್ಣು ಹಿಡಿದವು. ಉಳಿದವನ್ನು ಉಳಿಸಿದವರು ಇಲ್ಲಿಯ ಆಸಕ್ತರೇ. ದೆಹಲಿಯಲ್ಲಿ ೧೯೬೪ರಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು ಇಂತಹ ಕಾರುಗಳ ಓಟವನ್ನು ಆರಂಭಿಸಿದರು. ನಮ್ಮ ಧರ್ಮಸ್ಥಳದಲ್ಲಿ ಒಂದು ಕಾರು ಸಂಗ್ರಹಾಲಯವೇ ಇದೆ. ದೇವರ ದರ್ಶನ ಮುಗಿಸಿ ಬಂದ ಹಳ್ಳಿಯ ಹೆಂಗಸರು, ಮಕ್ಕಳು, ಒಂದು ಕಾಲಕ್ಕೆ ದೂರದಿಂದಲೂ ಮುಟ್ಟಲಾಗದಿದ್ದಂತಹ ವಾಹನಗಳ ನಡುವೆ ನಡೆದಾಡುವುದನ್ನು ಅಲ್ಲಿ ನೋಡಬಹುದು. ನನಗೆ ಕಾರುಗಳಷ್ಟೇ ಆ ನೋಟವೂ ಇಷ್ಟವಾಯಿತು.

೨೦೨೧ರಲ್ಲಿ ಕೇಂದ್ರ ಸರ್ಕಾರ ಇವುಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಮಾಡಿತು. ಅದರಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಮೂಲರೂಪವನ್ನು ಉಳಿಸಿಕೊಂಡ ವಾಹನಕ್ಕೆ 'ವಿಂಟೇಜ್' ಎಂಬ ಮಾನ್ಯತೆ. ಅದರ ಸಂಖ್ಯಾಫಲಕದಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಅದನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ಓಟ, ದುರಸ್ತಿ, ಇಂಧನ ತುಂಬಿಸುವುದು ಇಂತಹ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ಹೊಗೆಯ ವಿಷಯದಲ್ಲಿ ಆತಂಕಪಡುವವರಿಗೆ ಇದು ತಕ್ಕ ಉತ್ತರ. ವರ್ಷಕ್ಕೆ ನಾಲ್ಕಾರು ಬಾರಿ ಹೊರಬರುವ ಗಾಡಿಯಿಂದ ಊರಿನ ಗಾಳಿ ಕೆಡುವುದಿಲ್ಲ. ಆದರೆ ಹೊಸ ನೋಂದಣಿಗೆ ಗೊತ್ತುಮಾಡಿದ ಇಪ್ಪತ್ತು ಸಾವಿರ ರೂಪಾಯಿಯ ಶುಲ್ಕ ನನಗೆ ಹೆಚ್ಚೆನಿಸುತ್ತದೆ. ಸಿರಿವಂತನಿಗೆ ಅದು ಲೆಕ್ಕಕ್ಕಿಲ್ಲ. ತಂದೆಯ ಕಾಲದ ಗಾಡಿಯನ್ನು ರಾತ್ರಿಯೆಲ್ಲ ನಿದ್ದೆಗೆಟ್ಟು ತಾನೇ ರಿಪೇರಿ ಮಾಡಿದ ಮೆಕ್ಯಾನಿಕನಿಗೆ ಲೆಕ್ಕಕ್ಕಿದೆ. ಈ ಒಲವು ಹಣವಂತರ ಸೊತ್ತೆಂದು ಆಕ್ಷೇಪಿಸುವವರು ಇಂತಹ ತಡೆಗಳನ್ನು ತಗ್ಗಿಸಲು ದನಿಗೂಡಿಸಬೇಕೇ ಹೊರತು ಗಾಡಿಗಳು ಗುಜರಿ ಸೇರಲಿ ಎಂದು ಹಾರೈಸಬಾರದು.

ನಮ್ಮ ಡಾಕ್ಟರ ಕಾರು ಗುಜರಿಯನ್ನೇ ಸೇರಿತು. ವೈದ್ಯರು ತೀರಿಕೊಂಡ ಮೇಲೆ ಅದು ಅವರ ಹಿತ್ತಿಲ ಹುಣಸೆಮರದ ಕೆಳಗೆ ಏಳೆಂಟು ವರ್ಷ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಒಂದು ದಿನ ತಕ್ಕಡಿಯೊಡನೆ ಬಂದವರು ಅದನ್ನು ತುಂಡುಮಾಡಿ ತೂಕಕ್ಕೆ ಕೊಂಡುಹೋದರು. ಆ ಹ್ಯಾಂಡಲನ್ನು ಮಾತ್ರ ನಮ್ಮ ತಂದೆ ಎರಡು ರೂಪಾಯಿ ಕೊಟ್ಟು ಇಟ್ಟುಕೊಂಡರು. ಕೊಟ್ಟಿಗೆಯ ಬಾಗಿಲಿಗೆ ಅದು ಅಗುಳಿಯಾಯಿತು. ಹಸುಗಳು ಹೋದವು, ಕೊಟ್ಟಿಗೆಯೂ ಬಿತ್ತು. ಹ್ಯಾಂಡಲು ಅಟ್ಟದ ಮೇಲೆ ಸೇರಿತು.

ಕಳೆದ ವರ್ಷ ಪಕ್ಕದ ಪಟ್ಟಣದಲ್ಲಿ ಗ್ಯಾರೇಜು ನಡೆಸುವ ಒಬ್ಬ ಯುವಕ ನಮ್ಮ ಮನೆಗೆ ಬಂದ. ಅವನು ಎಲ್ಲಿಂದಲೋ ಒಂದು ಮೋರಿಸ್ ಎಯ್ಟ್ ತಂದು ಮೂರು ವರ್ಷದಿಂದ ಅದರೊಡನೆ ಹೆಣಗುತ್ತಿದ್ದಾನಂತೆ. ಎಂಜಿನ್ ಸಿದ್ಧವಾಗಿದೆ, ಹ್ಯಾಂಡಲ್ ಇಲ್ಲ. "ನಿಮ್ಮಲ್ಲಿ ಒಂದಿದೆ ಎಂದು ಯಾರೋ ಹೇಳಿದರು, ಮೇಷ್ಟ್ರೇ. ಅಳತೆ ತೆಗೆದುಕೊಂಡು ಹೋಗುತ್ತೇನೆ, ಅಂಥದೇ ಒಂದು ಮಾಡಿಸುತ್ತೇನೆ" ಎಂದ. ಅಟ್ಟ ಹತ್ತಿ ತೆಗೆದುಕೊಟ್ಟೆ. ಅಳತೆ ಬೇಡ, ಇದನ್ನೇ ಒಯ್ಯಪ್ಪ ಎಂದೆ. ಮುಂದಿನ ಭಾನುವಾರ ಅವನ ಗ್ಯಾರೇಜಿಗೆ ಹೋದೆ. ಅವನು ಹ್ಯಾಂಡಲನ್ನು ಕಾರಿನ ಮೂತಿಗೆ ತೂರಿಸಿ ನನ್ನತ್ತ ನೋಡಿದ. ನಾನು ಮೊದಲು ಅವನ ಹೆಬ್ಬೆರಳನ್ನು ನೋಡಿದೆ. ಅದು ಸರಿಯಾದ ಜಾಗದಲ್ಲಿಯೇ ಇತ್ತು. ಒಂಬತ್ತನೆಯ ಸುತ್ತಿಗೆ ಎಂಜಿನ್ ಎಚ್ಚರಗೊಂಡಿತು.